ಮೆದುಳನ್ನು ಕಾಯುವ ಆಂಟಿಆಕ್ಸಿಡೆಂಟ್: ಊಟದಲ್ಲಿ ಎಷ್ಟು, ಗುಳಿಗೆಯಲ್ಲಿ ಎಷ್ಟು?



ಲಕ್ವಾ ಹೊಡೆದವರನ್ನೋ ತಲೆಗೆ ಪೆಟ್ಟು ಬಿದ್ದವರನ್ನೋ ವಾರ್ಡಿಗೆ ಸೇರಿಸಿದ ಎರಡು ಮೂರು ದಿನಕ್ಕೆ ಮನೆಯವರು ನಮ್ಮನ್ನು ಕೇಳುವ ಮಾತು ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. “ಸಾಹೇಬ್ರ, ಮೆದುಳಿಗೆ ತಾಕತ್ತು ಬರೂವಂಥಾ ಒಂದು ಗುಳಿಗಿ ಬರದ ಕೊಡ್ರಿ. ರೊಕ್ಕದ ಚಿಂತಿ ಮಾಡಬ್ಯಾಡ್ರಿ.” ರೊಕ್ಕದ ಚಿಂತೆ ಬೇಡ ಎನ್ನುವವರ ಕೈಯಲ್ಲಿ ಹಲವು ಸಲ ರೊಕ್ಕವೇ ಇರುವುದಿಲ್ಲ ಎಂಬುದು ನಮಗೂ ಗೊತ್ತಿದೆ. ಕಿವಿಯೋಲೆ ಒತ್ತೆ ಇಟ್ಟಾದರೂ ತಂದು ಹಾಕೋಣ ಎಂಬ ಪ್ರೀತಿ ಆ ಮಾತಿನ ಹಿಂದೆ ಇರುತ್ತದೆ.

ಪೇಟೆಯಲ್ಲಿ ‘ಆಂಟಿಆಕ್ಸಿಡೆಂಟ್’ ಎಂಬ ಹೆಸರು ಹೊತ್ತ ಕ್ಯಾಪ್ಸೂಲು, ಪುಡಿ, ರಸದ ಬಾಟಲಿಗಳು ಬೇಕಾದಷ್ಟು ಸಿಗುತ್ತವೆ. ಡಬ್ಬಿಯ ಮೇಲೆ ಮೆದುಳಿನ ಚಿತ್ರವೂ ಇರುತ್ತದೆ. ಇವು ನಿಜವಾಗಿಯೂ ಮೆದುಳನ್ನು ಕಾಯುತ್ತವೆಯೇ? ಇವಕ್ಕೆ ಹಣ ಸುರಿಯಬೇಕೇ? ಈ ಬಗ್ಗೆ ಇದುವರೆಗೆ ತಿಳಿದುಬಂದಿರುವುದನ್ನು ಸರಳವಾಗಿ ಹೇಳಲು ಪ್ರಯತ್ನಿಸಿದ್ದೇವೆ. ದಯವಿಟ್ಟು ಬಿಡುವಿನಲ್ಲಿ ಓದಿರಿ. ಓದಲು ಬಾರದ ಹಿರಿಯರು ಪಕ್ಕದಲ್ಲಿದ್ದರೆ ಅವರಿಗೂ ಓದಿ ಹೇಳಿರಿ.

ಮೆದುಳಿಗೂ ತುಕ್ಕು ಹಿಡಿಯುತ್ತದೆಯೇ?

ಮೂಲೆಯಲ್ಲಿ ಇಟ್ಟ ಕುಡಗೋಲು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಬಹಳ ದಿನ ಇಟ್ಟ ಶೇಂಗಾ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಈ ಮೂರರಲ್ಲಿಯೂ ಕೆಲಸ ಮಾಡುವುದು ಗಾಳಿಯಲ್ಲಿರುವ ಆಮ್ಲಜನಕ. ನಮ್ಮನ್ನು ಬದುಕಿಸುವ ಆಮ್ಲಜನಕವೇ ನಿಧಾನವಾಗಿ ವಸ್ತುಗಳನ್ನು ಕೆಡಿಸುತ್ತಲೂ ಇರುತ್ತದೆ.

ದೇಹದ ಒಳಗೂ ಇಂಥದೇ ಕ್ರಿಯೆ ನಡೆದಿದೆ. ಉಂಡ ಅನ್ನವನ್ನು ಆಮ್ಲಜನಕದ ಸಹಾಯದಿಂದ ಉರಿಸಿ ಜೀವಕೋಶಗಳು ಶಕ್ತಿ ಪಡೆಯುತ್ತವೆ. ಒಲೆ ಉರಿದಾಗ ಕಿಡಿ ಹಾರುವಂತೆ ಇಲ್ಲಿಯೂ ಕೆಲವು ಕಿಡಿಗಳು ಹಾರುತ್ತವೆ. ವಿಜ್ಞಾನಿಗಳು ಇವನ್ನು ಫ್ರೀ ರ‍್ಯಾಡಿಕಲ್ ಎಂದು ಕರೆಯುತ್ತಾರೆ. ಇವು ಒಂದು ಎಲೆಕ್ಟ್ರಾನ್ ಕಳೆದುಕೊಂಡು ಒಂಟಿಯಾದ ಕಣಗಳು. ಕಳೆದುಕೊಂಡದ್ದನ್ನು ಪಕ್ಕದ ಕಣದಿಂದ ಕಿತ್ತುಕೊಳ್ಳುತ್ತವೆ. ಆಗ ಪಕ್ಕದ್ದು ಒಂಟಿಯಾಗುತ್ತದೆ, ಅದು ತನ್ನ ಪಕ್ಕದ್ದರ ಮೇಲೆ ಬೀಳುತ್ತದೆ. ಹೀಗೆ ಒಂದರಿಂದ ಒಂದಕ್ಕೆ ಹಾನಿ ಹಬ್ಬುತ್ತಾ ಹೋಗುತ್ತದೆ. ತನ್ನ ಎಲೆಕ್ಟ್ರಾನನ್ನು ತಾನಾಗಿ ಕೊಟ್ಟು ಈ ಸರಪಳಿಯನ್ನು ಅಲ್ಲಿಗೇ ತಡೆಯಬಲ್ಲ ವಸ್ತುವೇ ಆಂಟಿಆಕ್ಸಿಡೆಂಟ್.

ಈ ಕಿಡಿಗಳ ಕಾಟ ಮೆದುಳಿಗೆ ಉಳಿದ ಅಂಗಗಳಿಗಿಂತ ಹೆಚ್ಚು. ಮೆದುಳಿನ ತೂಕ ದೇಹದ ತೂಕದ ನೂರರಲ್ಲಿ ಎರಡು ಭಾಗ ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟು ಅದಕ್ಕೇ ಬೇಕು. ಅಂದರೆ ಚಿಕ್ಕ ಒಲೆಯಲ್ಲಿ ದೊಡ್ಡ ಉರಿ. ಸಾಲದ್ದಕ್ಕೆ ಮೆದುಳಿನ ನೀರಿನ ಅಂಶ ತೆಗೆದರೆ ಉಳಿಯುವುದರಲ್ಲಿ ಸುಮಾರು ಅರ್ಧ ಕೊಬ್ಬು. ಎಣ್ಣೆ ಕಮಟಾಗುವಂತೆ ಅದೂ ಕೆಡುತ್ತದೆ.

ಹಾಗಾದರೆ ದಿನವೂ ಮೆದುಳು ಸುಟ್ಟುಹೋಗುವುದಿಲ್ಲವೇಕೆ? ದೇಹ ತಾನೇ ಕಾವಲುಗಾರರನ್ನು ಇಟ್ಟುಕೊಂಡಿದೆ. ಗ್ಲುಟಾಥಯೋನ್ ಎಂಬುದು ಜೀವಕೋಶದೊಳಗೇ ತಯಾರಾಗುತ್ತದೆ. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವದ ಈ ಕಾವಲು ಕೆಲಸವನ್ನು ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು 1969ರಲ್ಲಿ ತೋರಿಸಿಕೊಟ್ಟರು.  ಸಿ ಮತ್ತು ಇ ಜೀವಸತ್ವಗಳನ್ನು ಮಾತ್ರ ನಾವು ಆಹಾರದಿಂದ ಪಡೆಯಬೇಕು. ರಕ್ತದಲ್ಲಿರುವುದಕ್ಕಿಂತ ಹೆಚ್ಚು ಪ್ರಮಾಣದ ಸಿ ಜೀವಸತ್ವವನ್ನು ಮೆದುಳು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ.

ಎರಡನೆಯ ಪೆಟ್ಟು

ಲಕ್ವಾದಲ್ಲಿ ಎರಡು ಬಗೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವುದು ಒಂದು, ನಾಳ ಒಡೆದು ಮೆದುಳಿನೊಳಗೆ ರಕ್ತ ಸೋರುವುದು ಇನ್ನೊಂದು. ಮೊದಲನೆಯದೇ ಹೆಚ್ಚು. ದಾರಿ ಮುಚ್ಚಿದಾಗ ಆ ಭಾಗಕ್ಕೆ ಆಮ್ಲಜನಕ ಇಲ್ಲ. ನಡುವಿನ ಜೀವಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಆದರೆ ಸುತ್ತಲಿನ ದೊಡ್ಡ ಭಾಗ ಸತ್ತಿರುವುದಿಲ್ಲ. ಕೆಲಸ ನಿಲ್ಲಿಸಿ, ಅರೆಜೀವ ಹಿಡಿದುಕೊಂಡು ಕಾಯುತ್ತಿರುತ್ತದೆ. ವೈದ್ಯರ ಹೋರಾಟವೆಲ್ಲ ಈ ಭಾಗವನ್ನು ಉಳಿಸಿಕೊಳ್ಳಲು.

ರಕ್ತ ಮರಳಿ ಹರಿದಾಗ ಇನ್ನೊಂದು ತೊಂದರೆ ಕಾದಿರುತ್ತದೆ. ಬೂದಿ ಮುಚ್ಚಿದ ಕೆಂಡಕ್ಕೆ ಒಮ್ಮೆಲೇ ಗಾಳಿ ಊದಿದಂತೆ, ಹಸಿದಿದ್ದ ಜಾಗಕ್ಕೆ ಆಮ್ಲಜನಕ ನುಗ್ಗಿದಾಗ ಕಿಡಿಗಳು ಒಟ್ಟಿಗೇ ಹಾರುತ್ತವೆ. ತಲೆಗೆ ಪೆಟ್ಟು ಬಿದ್ದಾಗಲೂ ಹೀಗೆಯೇ. ಮೋಟರ್ ಸೈಕಲ್ಲಿನಿಂದ ಬಿದ್ದ ಕ್ಷಣದ ಗಾಯ ಒಂದು. ಆಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ಒಳಗೊಳಗೇ ನಡೆಯುವ ಬಾವು, ಸೋರಿಕೆ, ಕಿಡಿಗಳ ಹಾವಳಿ ಇನ್ನೊಂದು. “ನಿನ್ನೆ ಚಂದ ಮಾತಾಡತಿದ್ರು, ಇವತ್ತ ಮಾತ ಇಲ್ಲ” ಎಂದು ನೀವು ಗಾಬರಿಯಾಗುವುದು ಹಲವು ಸಲ ಈ ಎರಡನೆಯ ಪೆಟ್ಟಿನಿಂದ.

ಈ ಎರಡನೆಯ ಪೆಟ್ಟನ್ನು ಆಂಟಿಆಕ್ಸಿಡೆಂಟಿನಿಂದ ತಡೆಯಬಹುದಲ್ಲ ಎಂಬ ಆಸೆ ವಿಜ್ಞಾನಿಗಳಿಗೂ ಬಂತು. ಆಸೆಗೆ ಆಧಾರವೂ ಇತ್ತು. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಹೇಳುತ್ತೇವೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ, ಅಂದರೆ ಸಿ.ಎಫ್.ಟಿ.ಆರ್.ಐ.ನಲ್ಲಿ, ರವಿಕುಮಾರ ಹೊಸಮನಿ ಮತ್ತು ಮುರಳೀಧರ ಅವರು ನೀರುಬ್ರಾಹ್ಮಿಯನ್ನು ಹಣ್ಣಿನ ನೊಣಗಳಿಗೆ ತಿನ್ನಿಸಿ ನೋಡಿದರು. ರೊಟೆನೋನ್ ಎಂಬ ಕೀಟನಾಶಕ ಕೊಟ್ಟರೆ ಈ ನೊಣಗಳ ಮೆದುಳು ಕೆಟ್ಟು ನಡಿಗೆ ತಪ್ಪುತ್ತದೆ. ನೀರುಬ್ರಾಹ್ಮಿ ತಿಂದ ನೊಣಗಳಿಗೆ ಆ ಹಾನಿ ಕಡಿಮೆಯಾಯಿತು ಎಂದು ಅವರು 2009ರಲ್ಲಿ ಪ್ರಕಟಿಸಿದರು. ಇದೇ ಹೊಸಮನಿಯವರು ಮುಂದೆ ನಮ್ಮ ನೆರೆಯ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಬಂದರು. 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕೆ ಒಯ್ದ ಮೆಂತ್ಯ ಮತ್ತು ಹೆಸರುಕಾಳಿನ ಪ್ರಯೋಗ ಇವರು ಮತ್ತು ಧಾರವಾಡದ ಐ.ಐ.ಟಿ.ಯ ವಿಜ್ಞಾನಿ ಸೇರಿ ರೂಪಿಸಿದ್ದು.

(ಇಲ್ಲಿ ಒಂದು ಮಾತು. ಬ್ರಾಹ್ಮಿ ಎಂದು ನಮ್ಮಲ್ಲಿ ಎರಡು ಬೇರೆ ಬೇರೆ ಸಸಿಗಳನ್ನು ಕರೆಯುತ್ತಾರೆ. ಗದ್ದೆಯ ಬದುವಿನಲ್ಲಿ ಹಬ್ಬುವ, ದುಂಡನೆಯ ಎಲೆಯ ಒಂದೆಲಗ ಬೇರೆ. ದಪ್ಪ ಸಣ್ಣ ಎಲೆಯ ನೀರುಬ್ರಾಹ್ಮಿ ಬೇರೆ. ಮೈಸೂರಿನ ನೊಣಗಳು ತಿಂದದ್ದು ನೀರುಬ್ರಾಹ್ಮಿ.)

ನೊಣದಲ್ಲಿ ಆದದ್ದು ಮನುಷ್ಯರಲ್ಲಿ ಆಗುತ್ತದೆಯೇ? ಇದನ್ನು ಕೇಳದೆ ಡಬ್ಬಿ ಮಾರುವವರೇ ಹೆಚ್ಚು. ಕೇಳಿ ನೋಡಿದವರಿಗೆ ಸಿಕ್ಕ ಉತ್ತರ ಹೀಗಿದೆ.

ಮನುಷ್ಯರ ಮೇಲೆ ನೋಡಿದಾಗ

ಎನ್.ಎಕ್ಸ್.ವೈ.-059 ಎಂಬ ಹೆಸರಿನ, ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿದು ಹಾಕುವ ಔಷಧಿಯೊಂದು ಪ್ರಾಣಿಗಳಲ್ಲಿ ಒಳ್ಳೆಯ ಫಲ ಕೊಟ್ಟಿತ್ತು. ಲಕ್ವಾ ಆದ ಆರು ಗಂಟೆಯೊಳಗೆ ಸುಮಾರು 1,700 ರೋಗಿಗಳಲ್ಲಿ ಪ್ರಯೋಗ ಮಾಡಿದಾಗ ಸ್ವಲ್ಪ ಲಾಭ ಕಂಡಿತು. 2006ರಲ್ಲಿ ಅದು ಪ್ರಕಟವಾಗಿ ಜಗತ್ತಿನ ನರರೋಗ ತಜ್ಞರೆಲ್ಲ ಸಂತೋಷಪಟ್ಟರು. ಖಾತ್ರಿ ಮಾಡಿಕೊಳ್ಳಲು ಇನ್ನೂ ದೊಡ್ಡ ಪ್ರಯೋಗವನ್ನು 3,300ರಷ್ಟು ರೋಗಿಗಳಲ್ಲಿ ನಡೆಸಿದರು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಔಷಧಿ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವೇ ಇರಲಿಲ್ಲ. ಕಂಪನಿ ಆ ಔಷಧಿಯನ್ನು ಕೈಬಿಟ್ಟಿತು.

ತಲೆಪೆಟ್ಟಿನಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಇಂಜೆಕ್ಷನ್ ಬಾವು ಇಳಿಸುತ್ತದೆ, ಮೆದುಳಿನ ಕೊಬ್ಬು ಕೆಡುವುದನ್ನೂ ತಡೆಯುತ್ತದೆ ಎಂಬ ನಂಬಿಕೆಯಿಂದ ಹಲವು ವರ್ಷ ಅದನ್ನು ಕೊಡುತ್ತಿದ್ದರು. ಹತ್ತು ಸಾವಿರ ರೋಗಿಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2004ರಲ್ಲಿ ಹೊರಬಂತು. ಎರಡು ವಾರದೊಳಗೆ ಸತ್ತವರು ಔಷಧಿ ಕೊಡದವರಲ್ಲಿ ನೂರಕ್ಕೆ 18, ಕೊಟ್ಟವರಲ್ಲಿ ನೂರಕ್ಕೆ 21. ಇಂದು ತಲೆಪೆಟ್ಟಿಗೆ ಅದನ್ನು ಕೊಡುವುದಿಲ್ಲ. “ಮೊದಲು ಅವರಿಗೆ ಕೊಟ್ಟಿದ್ರು, ನಮಗ ಯಾಕ ಕೊಡವಲ್ರಿ?” ಎಂದು ಯಾರಾದರೂ ಕೇಳಿದರೆ ಕಾರಣ ಇದು.

ಎಲ್ಲವೂ ಸೋಲೇ ಎಂದು ಹೇಳಿದರೆ ತಪ್ಪಾಗುತ್ತದೆ. ಎಡಾರವೋನ್ ಎಂಬ ಆಂಟಿಆಕ್ಸಿಡೆಂಟ್ ಇಂಜೆಕ್ಷನ್ನಿಗೆ ಜಪಾನ್ ದೇಶ 2001ರಲ್ಲಿ ಲಕ್ವಾ ಚಿಕಿತ್ಸೆಗಾಗಿ ಅನುಮತಿ ಕೊಟ್ಟಿತು. ನಮ್ಮ ದೇಶದಲ್ಲಿಯೂ ಅದು ಸಿಗುತ್ತದೆ. ಚೀನಾದಲ್ಲಿ ಇದಕ್ಕೆ ಕರ್ಪೂರದ ಬಳಗಕ್ಕೆ ಸೇರಿದ ಇನ್ನೊಂದು ವಸ್ತುವನ್ನು ಕೂಡಿಸಿ ಸುಮಾರು 1,200 ಜನರಲ್ಲಿ ನೋಡಿದರು. ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸ್ಥಿತಿಗೆ ಬಂದವರು ಬರೀ ಎಡಾರವೋನ್ ಪಡೆದವರಲ್ಲಿ ನೂರಕ್ಕೆ 59, ಕೂಡಿಸಿದ ಔಷಧಿ ಪಡೆದವರಲ್ಲಿ 67. ಇದು 2021ರಲ್ಲಿ ಪ್ರಕಟವಾಯಿತು. ಇಂಥ ಇಂಜೆಕ್ಷನ್ ಬೇಕೋ ಬೇಡವೋ ಎಂಬುದನ್ನು ಸ್ಕ್ಯಾನ್ ಮತ್ತು ಮೂತ್ರಪಿಂಡದ ಪರೀಕ್ಷೆ ನೋಡಿ ತಜ್ಞರು ತೀರ್ಮಾನಿಸಬೇಕು. ಹೆಪ್ಪು ಕರಗಿಸುವ ಚಿಕಿತ್ಸೆಯ ಬದಲಿಗೆ ಇದನ್ನು ಕೊಡಲು ಬರುವುದಿಲ್ಲ.

ಪ್ರಯೋಗಶಾಲೆಯ ಇಲಿಗೂ ನಮ್ಮ ವಾರ್ಡಿನ ಅಜ್ಜನಿಗೂ ಅಂತರವಿದೆ. ಇಲಿ ಎಳೆಯದು, ಆರೋಗ್ಯವಾಗಿರುವುದು. ಪೆಟ್ಟಿಗೆ ಮೊದಲೇ ಅಥವಾ ಪೆಟ್ಟಾದ ಕೆಲವೇ ನಿಮಿಷಕ್ಕೆ ಅದಕ್ಕೆ ಔಷಧಿ ಕೊಟ್ಟಿರುತ್ತಾರೆ. ಅಜ್ಜನಿಗೆ ವಯಸ್ಸು 65, ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅರ್ಧ ದಿನ ಕಳೆದಿದೆ. ಕಿಡಿಗಳು ಹಾರಿ, ಸುಡುವುದನ್ನು ಸುಟ್ಟಾಗಿದೆ. ಇದಲ್ಲದೆ ರಕ್ತದಲ್ಲಿರುವ ಎಲ್ಲ ವಸ್ತುಗಳನ್ನೂ ಮೆದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ರಕ್ತನಾಳಗಳ ಗೋಡೆಯೇ ಬಲವಾದ ಕಾವಲು.

ದಿನವೂ ಗುಳಿಗೆ ನುಂಗಿದರೆ?

ಪೆಟ್ಟಾದ ಮೇಲೆ ತಡವಾಯಿತು, ಮೊದಲಿನಿಂದಲೇ ನುಂಗುತ್ತ ಬಂದರೆ ಲಕ್ವಾ ಬರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಇದನ್ನೂ ನೋಡಿದ್ದಾರೆ. ಇಂಗ್ಲೆಂಡಿನಲ್ಲಿ 20,536 ಜನರಲ್ಲಿ ಅರ್ಧದಷ್ಟು ಮಂದಿಗೆ ಐದು ವರ್ಷ ಇ, ಸಿ ಜೀವಸತ್ವ ಮತ್ತು ಬೀಟಾ ಕ್ಯಾರೋಟಿನ್ ಕೊಟ್ಟರು. 2002ರಲ್ಲಿ ಲೆಕ್ಕ ಹಾಕಿದಾಗ ಹೃದಯಾಘಾತವಾಗಲಿ ಲಕ್ವಾವಾಗಲಿ ಕಡಿಮೆಯಾಗಿರಲಿಲ್ಲ. ಫಿನ್ಲೆಂಡಿನಲ್ಲಿ 29,133 ಮಂದಿ ಸಿಗರೇಟ್ ಸೇದುವ ಗಂಡಸರಲ್ಲಿ ನಡೆದ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಗುಳಿಗೆ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಯಿತು (1994). ಬೀಡಿ ಸೇದುತ್ತಲೇ ‘ಶಕ್ತಿ ಗುಳಿಗೆ’ ತಿನ್ನುವವರು ಇದನ್ನು ಗಮನಿಸಬೇಕು.

ಇ ಜೀವಸತ್ವದ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಒಂದು ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟು ಮಾಡಿ 2010ರಲ್ಲಿ ನೋಡಿದಾಗ, ಅದು ಹೆಪ್ಪುಗಟ್ಟುವ ಲಕ್ವಾವನ್ನು ಶೇಕಡಾ 10ರಷ್ಟು ಇಳಿಸಿ, ರಕ್ತ ಸೋರುವ ಲಕ್ವಾವನ್ನು ಶೇಕಡಾ 22ರಷ್ಟು ಏರಿಸಿತ್ತು. ರಕ್ತ ಸೋರುವ ಲಕ್ವಾವೇ ಹೆಚ್ಚು ಜೀವ ತೆಗೆಯುವಂಥದ್ದು. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇ ಜೀವಸತ್ವದ ಕ್ಯಾಪ್ಸೂಲ್ ನುಂಗಬಾರದು.

ಅರಿಶಿನದ ಕ್ಯಾಪ್ಸೂಲು ಈಗ ಬಹಳ ಓಡುತ್ತಿದೆ. ಅಡುಗೆಗೆ ಹಾಕುವ ಅರಿಶಿನಕ್ಕೆ ನಮ್ಮ ತಕರಾರಿಲ್ಲ. ಆದರೆ ಅದರ ಸಾರವನ್ನು ಗಟ್ಟಿ ಮಾಡಿ, ಮೈಗೆ ಹತ್ತಲೆಂದು ಕರಿಮೆಣಸಿನ ಸಾರ ಕೂಡಿಸಿದ ಕ್ಯಾಪ್ಸೂಲುಗಳಿಂದ ಯಕೃತ್ತು ಕೆಟ್ಟು ಕಾಮಾಲೆ ಆದವರು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿದ್ದಾರೆ. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಎಷ್ಟಾದರೂ ತಿನ್ನಬಹುದೆಂದಲ್ಲ.

ಸತ್ಯ ಹೇಳಬೇಕೆಂದರೆ ಇಂಥ ಗುಳಿಗೆಗಳ ವಿಷಯದಲ್ಲಿ ವೈದ್ಯರದ್ದೂ ತಪ್ಪಿದೆ. ಮನೆಯವರ ಸಮಾಧಾನಕ್ಕೆಂದು ಚೀಟಿಯ ಕೊನೆಗೆ ಒಂದು ಬರೆದುಬಿಡುತ್ತೇವೆ. ಬಿ.ಪಿ. ಗುಳಿಗೆಗಿಂತ ಅದರ ಬೆಲೆಯೇ ಹೆಚ್ಚಿರುತ್ತದೆ. ತಿಂಗಳ ಕೊನೆಗೆ ಹಣ ಸಾಲದಾದಾಗ ಮನೆಯವರು ಬಿಡುವುದು ಬಿ.ಪಿ. ಗುಳಿಗೆಯನ್ನು! ಆದ್ದರಿಂದ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. “ಇದರಾಗ ತಪ್ಪಸಲಾರದ್ದು ಯಾವುದು, ಬಿಟ್ಟರೂ ನಡೆಯೂದು ಯಾವುದು?” ಎಂದು ಸಂಕೋಚವಿಲ್ಲದೆ ಕೇಳಿರಿ. ಹಾಗೆ ಕೇಳುವುದು ನಿಮ್ಮ ಹಕ್ಕು.

ತಾಟಿನಲ್ಲಿ ಇರುವುದು

ಗುಳಿಗೆಯಲ್ಲಿ ಸಿಗದ ಲಾಭ ಊಟದಲ್ಲಿ ಸಿಗುತ್ತದೆ. ಸ್ಪೇನ್ ದೇಶದಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರಲ್ಲಿ ನೋಡಿದಾಗ, ತರಕಾರಿ, ಕಾಳುಗಳ ಊಟಕ್ಕೆ ದಿನಕ್ಕೊಂದು ಹಿಡಿ ಬಾದಾಮಿ, ಅಕ್ರೋಡದಂಥ ಬೀಜ ಅಥವಾ ಆಲಿವ್ ಎಣ್ಣೆ ಕೂಡಿಸಿದವರಿಗೆ ಲಕ್ವಾ ಕಡಿಮೆಯಾಗಿತ್ತು. ಊಟದಲ್ಲಿ ಒಂದೇ ವಸ್ತು ಇರುವುದಿಲ್ಲ. ನೂರಾರು ಸೇರಿ, ನಾರಿನೊಂದಿಗೆ, ಹದವಾದ ಪ್ರಮಾಣದಲ್ಲಿ ಬರುತ್ತವೆ. ಬಿ.ಪಿ., ಸಕ್ಕರೆ, ತೂಕ ಇವುಗಳ ಮೇಲೂ ಅದರ ಪರಿಣಾಮವಾಗುತ್ತದೆ.

ಅದಕ್ಕಾಗಿ ಆಲಿವ್ ಎಣ್ಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಖಾನಾಪುರ ತಾಲೂಕಿನ ಸಂತೆಯಲ್ಲಿ ಸಿಗುವುದೇ ಸಾಕು. ಜೋಳದ ರೊಟ್ಟಿ, ಮೆಂತ್ಯ, ರಾಜಗಿರಿ, ಪಾಲಕದ ತಪ್ಪಲ ಪಲ್ಯ, ನುಗ್ಗೆಸೊಪ್ಪು, ಹೆಸರು, ಮಡಕಿ ಕಾಳು, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಗಜ್ಜರಿ, ಕಾಡಿನ ಅಂಚಿನ ಹಳ್ಳಿಗಳವರಿಗೆ ನೇರಲಹಣ್ಣು, ನೆಲ್ಲಿಕಾಯಿ. ಪೇರಲಹಣ್ಣಿನಲ್ಲಿ ಕಿತ್ತಳೆಗಿಂತ ಸುಮಾರು ನಾಲ್ಕು ಪಟ್ಟು ಸಿ ಜೀವಸತ್ವವಿದೆ. ಒಂದು ಸಾಧಾರಣ ಗಾತ್ರದ ಹಣ್ಣು ತಿಂದರೆ ಆ ದಿನಕ್ಕೆ ಬೇಕಾದಷ್ಟು ಬಂತು. ರೋಗಿಯನ್ನು ನೋಡಲು ಬರುವವರು ದುಬಾರಿ ಸೇಬು, ಗ್ಲೂಕೋಸ್ ಬಿಸ್ಕೀಟು ತರುವ ಬದಲು ನಾಲ್ಕು ಪೇರಲ ತಂದರೆ ಒಳ್ಳೆಯದಲ್ಲವೇ? ಆದರೆ ನುಂಗಲು ತೊಂದರೆ ಇರುವ ರೋಗಿಗೆ ಸಿಸ್ಟರ್ ಅವರನ್ನು ಕೇಳದೆ ಏನನ್ನೂ ತಿನ್ನಿಸಬೇಡಿ. ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ.

ವಾರ್ಫರಿನ್ ತೆಗೆದುಕೊಳ್ಳುವವರು ತಪ್ಪಲ ಪಲ್ಯ ಬಿಡಬೇಕಾಗಿಲ್ಲ, ಆದರೆ ದಿನವೂ ಒಂದೇ ಅಳತೆಯಲ್ಲಿ ತಿನ್ನಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ಸೊಪ್ಪು, ಹಣ್ಣುಗಳ ಪ್ರಮಾಣವನ್ನು ಕೇಳಿ ತಿಳಿದುಕೊಳ್ಳಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಬೀಡಿ, ಸಿಗರೇಟಿನ ಹೊಗೆಯ ಒಂದೊಂದು ಗುಟುಕಿನಲ್ಲಿಯೂ ಕಿಡಿಗಳ ರಾಶಿಯೇ ಒಳಗೆ ಹೋಗುತ್ತದೆ. ಒಂದು ಬುಟ್ಟಿ ನೆಲ್ಲಿಕಾಯಿ ತಿಂದರೂ ಅದಕ್ಕೆ ಸಾಟಿಯಾಗದು. ಗುಟ್ಕಾವನ್ನು ಕರ್ನಾಟಕದಲ್ಲಿ 2013ರಲ್ಲಿಯೇ ನಿಷೇಧಿಸಿದ್ದಾರೆ, ಆದರೂ ನಮ್ಮ ಕಾಂಪೌಂಡಿನ ಗೋಡೆ ಕೆಂಪಾಗುವುದು ನಿಂತಿಲ್ಲ.

ಗಡಿಯಾರ ನೋಡಿಕೊಳ್ಳಿರಿ

ಮೆದುಳನ್ನು ಉಳಿಸುವ ಔಷಧಿ ಇಲ್ಲವೇ ಇಲ್ಲವೆಂದು ತಿಳಿಯಬೇಡಿ. ಇದೆ. ಹೆಪ್ಪು ಕರಗಿಸುವ ಇಂಜೆಕ್ಷನ್. ಅದನ್ನು ಲಕ್ವಾ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ ರಕ್ತ ಸೋರಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ದೊಡ್ಡ ನಾಳ ಮುಚ್ಚಿದ ಲಕ್ವಾದಲ್ಲಿ ಚಿಕಿತ್ಸೆ ಇಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಒಬ್ಬ ಅಮೆರಿಕದ ತಜ್ಞರು ಲೆಕ್ಕ ಹಾಕಿದ್ದಾರೆ.

ಪಾರಿಶ್ವಾಡದ ಒಂದು ಮನೆ ಎಂದುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಚಹಾ ಕುಡಿಯುತ್ತಿದ್ದ ಅಜ್ಜನ ಕೈಯಿಂದ ಕಪ್ಪು ಜಾರುತ್ತದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಹನ್ನೊಂದೂವರೆಗೆ ಆ ಇಂಜೆಕ್ಷನ್ನಿನ ವೇಳೆ ಮುಗಿಯಿತು. ಸ್ಕ್ಯಾನಿಗೆ, ರಕ್ತ ಪರೀಕ್ಷೆಗೆ ಒಂದು ಗಂಟೆ ಬೇಕೆಂದರೂ ಹತ್ತೂವರೆಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಇರಬೇಕು. ಉಳಿದದ್ದು ಮೂರೂವರೆ ಗಂಟೆ. ದಾರಿ ಅಷ್ಟೇನೂ ದೂರವಲ್ಲ, ವೇಳೆ ಸಾಕು. ಆದರೆ ನಡೆಯುವುದೇನು? ಸ್ವಲ್ಪ ಹೊತ್ತು ಮಲಗಿಸಿ ನೋಡೋಣ ಎಂದು ಒಂದು ಗಂಟೆ. ಹಿರಿಮಗ ಹೊಲದಿಂದ ಬರಲಿ ಎಂದು ಇನ್ನೊಂದು. ಲಕ್ವಾಕ್ಕೆ ಔಷಧಿ ಕೊಡುವವರ ಊರಿಗೆ ಹೋಗಿ ಎಣ್ಣೆ ತಿಕ್ಕಿಸಿ, ಎಲ್ಲಿಯೋ ಪಾರಿವಾಳದ ರಕ್ತ ಹಚ್ಚಿಸಿ, ಮರುದಿನ ಆಸ್ಪತ್ರೆಗೆ. ಆಗ ನಮ್ಮನ್ನು ಕೇಳುತ್ತಾರೆ, ಮೆದುಳಿಗೆ ತಾಕತ್ತಿನ ಗುಳಿಗೆ ಕೊಡಿ ಎಂದು.

ಮುಖ ಸೊಟ್ಟ, ಒಂದು ಕೈ ಎತ್ತಲು ಆಗದು, ಮಾತು ತೊದಲು. ಈ ಮೂರರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರೆಂದು ಹೇಳಿರಿ. ಕೈ ತಾನಾಗಿ ಸರಿಹೋದರೂ ಹೊರಡಿರಿ; ಅದು ಮುಂದಿನ ದೊಡ್ಡ ಲಕ್ವಾದ ಮುನ್ಸೂಚನೆ ಇರಬಹುದು. ಬಾಯಿಗೆ ನೀರು, ಚಹಾ ಹಾಕಬೇಡಿ. ನಾಲಿಗೆಯ ಕೆಳಗೆ ಬಿ.ಪಿ. ಗುಳಿಗೆ ಇಡಬೇಡಿ, ಬಿ.ಪಿ. ಒಮ್ಮೆಲೇ ಇಳಿದರೆ ಅರೆಜೀವದಲ್ಲಿರುವ ಭಾಗವೂ ಸಾಯುತ್ತದೆ. ರಕ್ತ ಸೋರಿದ್ದರೆ ಆಸ್ಪಿರಿನ್ ವಿಷವಾದೀತು, ಅದನ್ನೂ ಸ್ಕ್ಯಾನಿಗೆ ಮೊದಲು ಕೊಡಬೇಡಿ. ರೋಗಿ ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ. ರೇಷನ್ ಕಾರ್ಡು, ಆಧಾರ್ ಕಾರ್ಡು ಕೈಯಲ್ಲಿರಲಿ, ಅವು ಸಿಗಲಿಲ್ಲವೆಂದು ಮಾತ್ರ ಹೊರಡುವುದನ್ನು ತಡೆಯಬೇಡಿ.

ಮುಂದಿನ ಸಲ ತಪಾಸಣೆಗೆ ಬರುವಾಗ ಮನೆಯಲ್ಲಿರುವ ಗುಳಿಗೆ, ಕ್ಯಾಪ್ಸೂಲು, ಪುಡಿ, ಬಾಟಲಿ, ನಾಟಿ ಔಷಧಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿರಿ. ಬೈಯುತ್ತಾರೆಂಬ ಅಂಜಿಕೆ ಬೇಡ. ಮೇಜಿನ ಮೇಲೆ ಸುರಿದು ಒಂದೊಂದಾಗಿ ನೋಡೋಣ.